ಖಾಲಿ ಬಂದ ಹಗ್ಗ

ಭಾವ ಹೊಳೆಗೆ ಇಳಿದಾಗ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಇಷ್ಟು ಮಾತ್ರ ಖಚಿತ, ಏಕೆಂದರೆ ದಡದಲ್ಲಿದ್ದ ಇನ್ನೊಬ್ಬರೂ ಅದನ್ನು ಕಂಡಿದ್ದಾರೆ. ಅದರಾಚೆಗೆ ಆ ದಿನದ ಬಗ್ಗೆ ನನ್ನ ತಲೆಯಲ್ಲಿರುವ ಯಾವುದನ್ನೂ ನಾನು ಈಗ ಪೂರ್ತಿ ನಂಬುವುದಿಲ್ಲ.

ಅಕ್ಕನನ್ನು ಕೊಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಅಕ್ಕಿಹೆಬ್ಬಾಳಿನ ಹತ್ತಿರದ ಒಂದು ಊರಿಗೆ. ಅವರ ಹೊಲದ ಅಂಚಿನಲ್ಲೇ ಹೇಮಾವತಿ ಹರಿಯುತ್ತದೆ. ನದಿಯೊಳಕ್ಕೆ ಪೈಪು ಬಿಟ್ಟು ಮೋಟರಿನಿಂದ ನೀರೆತ್ತುತ್ತಾರೆ. ಪೈಪಿನ ಬಾಯಿಗೆ ಹಾಕಿರುವ ಫುಟ್‌ವಾಲ್ವಿಗೆ ಕಳೆ, ಕವರು, ಹರಿದ ಬಟ್ಟೆ ಬಂದು ಮೆತ್ತಿಕೊಂಡರೆ ನೀರು ಏರುವುದಿಲ್ಲ. ಆಗ ಯಾರಾದರೂ ಮುಳುಗಿ ಅದನ್ನು ಬಿಡಿಸಬೇಕು. ಆ ಮನೆಯಲ್ಲಿ ಆ ಕೆಲಸ ಭಾವನದು. ಹಲ್ಲುಜ್ಜಿದಷ್ಟು ಸಲೀಸಾಗಿ ಮಾಡುತ್ತಿದ್ದರು.

ಇಳಿಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದರು. ಹಗ್ಗವನ್ನು ಸೊಂಟದ ಸುತ್ತ ತಂದು, ಹೊಟ್ಟೆಯ ಮುಂದೆ ಒಂದು ಸಣ್ಣ ಕಣ್ಣು ಮಾಡಿ, ಅದರೊಳಗೆ ಹಗ್ಗದ ತುದಿಯನ್ನೇ ತೂರಿಸುವ ಬದಲು ತುದಿಯನ್ನು ಮಡಚಿ ಆ ಮಡಿಕೆಯನ್ನು ತೂರಿಸುವುದು. ಹೀಗೆ ಕಟ್ಟಿದ ಕುಣಿಕೆ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ. ಕಟ್ಟಿದಾಗ ಇದ್ದಷ್ಟೇ ಅಗಲ ಉಳಿಯುತ್ತದೆ. ಜೀರುಗುಣಿಕೆಯಾದರೆ ಸೆಳವಿಗೆ ಸಿಕ್ಕಿದವನ ಹೊಟ್ಟೆಯನ್ನು ಹಿಂಡಿಬಿಡುತ್ತದೆ. ಇನ್ನು ಹಗ್ಗ ಪೈಪಿಗೋ ಬಂಡೆಗೋ ಸುತ್ತಿಕೊಂಡರೆ, ಗಂಟಿನಾಚೆ ಜೋತುಬಿದ್ದಿರುವ ತುದಿಯನ್ನು, ಅಂದರೆ ಬಾಲವನ್ನು, ಒಮ್ಮೆ ಎಳೆದರಾಯಿತು, ಗಂಟೆಲ್ಲ ಬಿಚ್ಚಿ ಮನುಷ್ಯ ಪಾರಾಗುತ್ತಾನೆ. ದನ ಕಟ್ಟುವ ಕೈಗಳಿಗೆ ಈ ಗಂಟು ಹೊಸದೇನಲ್ಲ. ಹಿಡಿದಿರಬೇಕು, ಬೇಕೆಂದಾಗ ಬಿಡಬೇಕು. ಒಂದೇ ಗಂಟಿನಿಂದ ಈ ಎರಡನ್ನೂ ಬಯಸುವುದು ಎಷ್ಟು ಅಪಾಯದ ಮಾತೆಂದು ನನಗೆ ಆಗ ಹೊಳೆದಿರಲಿಲ್ಲ. ನಾನು ಭೌತಶಾಸ್ತ್ರ ಓದಿದವನು. ನಾಗಮಂಗಲದಲ್ಲಿ ಪಾಠ ಹೇಳುತ್ತಿದ್ದೆ.

ಆ ದಿನ ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಗೆ ಬಂದಿತ್ತು. ನೀರು ಇನ್ನೂ ಏರುವ ಮೊದಲು ಫುಟ್‌ವಾಲ್ವು ಬಿಡಿಸಿ ಪೈಪನ್ನು ಮೇಲಕ್ಕೆ ಎಳೆದುಕೊಳ್ಳಬೇಕಿತ್ತು. ಭಾವ ಅಂಗಿ, ಪಂಚೆ ಕಳಚಿ ಚಡ್ಡಿಯಲ್ಲಿ ನಿಂತು ಹಗ್ಗ ಕಟ್ಟಿಕೊಂಡರು. ಮೋಟರಿನಲ್ಲಿ ಪಾಲಿದ್ದ ಪಕ್ಕದ ಹೊಲದವರು ಪೈಪು ಹಿಡಿದುಕೊಂಡಿದ್ದರು. ಭಾವ ಒಮ್ಮೆ ಮುಳುಗಿ ಎದ್ದು ಕೈ ತುಂಬ ಕಳೆ ಎಸೆದರು. ಮತ್ತೆ ಮುಳುಗಿದರು. ಸ್ವಲ್ಪ ಹೊತ್ತಿಗೆ ಹಗ್ಗ ಸಡಿಲವಾಯಿತು. ನಾನು ಎಳೆದೆ. ತೂಕವೇ ಇಲ್ಲದೆ ಬಂತು. ತುದಿಯಲ್ಲಿ ಕುಣಿಕೆಯಿಲ್ಲ, ಗಂಟಿಲ್ಲ. ಅಂಗಡಿಯಲ್ಲಿ ಅಳೆದು ಕತ್ತರಿಸಿ ಕೊಟ್ಟ ಹಗ್ಗದ ಹಾಗೆ ನೆಟ್ಟಗಿತ್ತು.

ಮಾರನೆಯ ದಿನ ಕೆಳಗಿನ ತಿರುವಿನಲ್ಲಿ, ಹೊಂಗೆಮರದ ಬೇರುಗಳ ನಡುವೆ ಭಾವ ಸಿಕ್ಕರು.

ಮಣ್ಣಾಗುವ ಮೊದಲೇ ಊರಲ್ಲಿ ಮಾತು ಹುಟ್ಟಿತ್ತು. ಪಕ್ಕದ ಹೊಲದವರು ಕೆಟ್ಟವರಲ್ಲ. ಕಂಡಿದ್ದಕ್ಕೆ ತಮಗೆ ತೋಚಿದ ಅರ್ಥ ಹೇಳಿದರು: ‘ಗಂಟು ತಾನಾಗೇ ಬಿಚ್ಕಳಾಕೆ ಅದೇನ್ ಜಡೆಗೆ ಕಟ್ಟಿರ ಟೇಪಾ? ಅವ್ನೇ ಎಳ್ಕಂಡವ್ನೆ ಬುಡಿ.’ ಹಾಗೆ ನಂಬುವುದಕ್ಕೆ ಕಾರಣವೂ ಸಿದ್ಧವಿತ್ತು. ಆ ಬೆಳಿಗ್ಗೆ ಗಂಡಹೆಂಡಿರಿಗೆ ಜಗಳವಾಗಿತ್ತು. ನೆಂಟರ ಮನೆಯ ನಾಮಕರಣಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಭಾವ, ಹೊಳೆ ಬಂದಿದೆ, ಪೈಪು ಕೊಚ್ಚಿಕೊಂಡು ಹೋಗುತ್ತದೆ ಎಂದರು. ಸೀರೆ ಉಟ್ಟು ತಯಾರಾಗಿದ್ದ ಅಕ್ಕ ‘ಓಗಿ ಸಾಯಿ ಅತ್ಲಾಗೆ’ ಎಂದಳು.

ನಮ್ಮ ಕಡೆ ಈ ಮಾತು ದಿನಕ್ಕೆ ಎಷ್ಟು ಬಾಯಲ್ಲಿ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಹಾಲು ಚೆಲ್ಲಿದ ಬೆಕ್ಕಿಗೆ ಹೇಳುತ್ತಾರೆ. ಸ್ಟಾರ್ಟ್ ಆಗದ ಗಾಡಿಗೆ ಹೇಳುತ್ತಾರೆ. ಹೇಳಿದವರು ಮರುಗಳಿಗೆ ಅದೇ ಬಾಯಲ್ಲಿ ಊಟಕ್ಕೆ ಕರೆಯುತ್ತಾರೆ. ಆದರೆ ಅವತ್ತು ಅದನ್ನು ಅಕ್ಕನ ಅತ್ತೆ ಕೇಳಿಸಿಕೊಂಡಿದ್ದರು, ಮತ್ತು ಅವತ್ತು ಭಾವ ಸತ್ತರು.

ಆ ಮನೆಯಲ್ಲಿ ಪಿತೃಪಕ್ಷಕ್ಕೆ ತೀರಿಹೋದವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರವರಿಗೆ ಇಷ್ಟವಾದ ಅಡುಗೆ ಬಡಿಸಿ ಎಡೆ ಹಾಕುತ್ತಾರೆ. ತಾನಾಗಿ ಜೀವ ಕಳೆದುಕೊಂಡವರಿಗೆ ಮಾತ್ರ ಹಿರಿಯರ ಸಾಲಿನಲ್ಲಿ ಜಾಗವಿಲ್ಲ. ಭಾವ ತೀರಿಕೊಂಡ ವರ್ಷ ಅತ್ತೆ ಮಗನ ಪಂಚೆ ಇಡಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ, ಆಮೇಲೂ ಇಲ್ಲ. ಅಕ್ಕನಿಗೆ ಅದು ಬರೀ ಪಂಚೆಯ ಪ್ರಶ್ನೆಯಾಗಿರಲಿಲ್ಲ. ಆ ಬಟ್ಟೆ ಸಾಲಿಗೆ ಬರುವವರೆಗೂ ಗಂಡನನ್ನು ಸಾಯಿಸಿದವಳು ಅವಳೇ ಎಂದು ಮನೆ ವರ್ಷಕ್ಕೊಮ್ಮೆ ನೆಂಟರೆದುರು ಹೇಳಿದಂತೆ.

ಈ ವರ್ಷ ಹಬ್ಬಕ್ಕೆ ಇನ್ನೂ ಒಂದಿಷ್ಟು ದಿನವಿರುವಾಗ ಅಕ್ಕ ಫೋನು ಮಾಡಿದಳು. ನಾನು ಈಗ ಪಾಂಡವಪುರದಲ್ಲಿದ್ದೇನೆ. ನಾಗಮಂಗಲ ಬಿಟ್ಟು, ಶ್ರೀರಂಗಪಟ್ಟಣದಲ್ಲಿ ಕೆಲವು ಕಾಲ ಇದ್ದು, ಎಲ್ಲೂ ಕಾಲೂರದೆ ಇಲ್ಲಿಗೆ ಬಂದವನು.

‘ನೀನು ಅದೇನೇನೋ ಓದಿದ್ಯಲ್ಲ’ ಎಂದಳು. ‘ಆ ಗಂಟು ತಾನಾಗೇ ಬಿಚ್ಕತದಾ ಇಲ್ವಾ, ಅಷ್ಟು ಏಳು ಸಾಕು.’

‘ನೋಡಿ ಹೇಳ್ತೀನಿ.’

‘ಇಷ್ಟ್ ವರ್ಸ ಏನ್ ನೋಡ್ತಿದ್ಯಪ್ಪ?’

ಪೇಟೆಗೆ ಹೋಗಿ ಹಸಿರು ನೈಲಾನ್ ಹಗ್ಗ ತಂದೆ. ಅವತ್ತಿನ ಹಗ್ಗ ಸಿಗುವಂತಿರಲಿಲ್ಲ, ಅತ್ತೆ ಅದನ್ನು ಸುಟ್ಟುಹಾಕಿದ್ದರು. ಅದು ಹಸಿರು ನೈಲಾನೇ ಎಂದು ನನ್ನ ನೆನಪು. ಅಕ್ಕನೂ ಹಾಗೇ ಹೇಳಿದಳು. ನಾವಿಬ್ಬರೂ ಒಪ್ಪಿದ ಕೆಲವೇ ಸಂಗತಿಗಳಲ್ಲಿ ಅದೊಂದು.

ಮೊದಲು ಮನೆಯ ಮೆಟ್ಟಿಲ ಕಂಬಿಗೆ ಮರಳು ತುಂಬಿದ ಸಿಮೆಂಟ್ ಚೀಲವನ್ನು ಆ ಗಂಟಿನಿಂದ ನೇತುಹಾಕಿದೆ. ಮಿಸುಕಲಿಲ್ಲ. ಒಂದೇ ಸಮನಾದ ಭಾರ ಇದ್ದಷ್ಟು ಹೊತ್ತು ಈ ಗಂಟು ಗಟ್ಟಿ. ಭಾರವೇ ಅದನ್ನು ಅದುಮಿ ಹಿಡಿದಿರುತ್ತದೆ. ಆದರೆ ಹೊಳೆಯಲ್ಲಿ ಮುಳುಗಿದವನ ಹಗ್ಗ ಯಾವಾಗಲೂ ಬಿಗಿಯಾಗಿರುವುದಿಲ್ಲ. ಒಮ್ಮೆ ಜಗ್ಗುತ್ತದೆ, ಒಮ್ಮೆ ಜೋಲುತ್ತದೆ. ಹಾಗಾಗಿ ಚೀಲ ತೆಗೆದು, ಸಡಿಲ ಬಿಟ್ಟು ಅಲ್ಲಾಡಿಸಿದೆ. ಹೊಸ ನೈಲಾನು ಪೆಡಸು, ಬಾಗಿಸಿದರೆ ನೆಟ್ಟಗಾಗಲು ನೋಡುತ್ತದೆ. ತೂರಿಸಿದ ಮಡಿಕೆ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಕೆಲವು ಸಲ ಪೂರ್ತಿ ಕಳಚಿತು. ಕೆಲವು ಸಲ ಅರ್ಧ ಸರಿದು ನಿಂತಿತು. ಕಟ್ಟಿದ ಮೇಲೆ ಒಮ್ಮೆ ಬಲವಾಗಿ ಎಳೆದು ಕೂರಿಸಿದ್ದರೆ ಎಷ್ಟು ಅಲ್ಲಾಡಿಸಿದರೂ ಬಿಡಲಿಲ್ಲ.

ಭಾವ ಎಳೆದು ಕೂರಿಸುತ್ತಿದ್ದರೇ? ಅವರ ಕೈ ಹಾಗೆ ಜಗ್ಗುವುದು ನನ್ನ ಕಣ್ಣ ಮುಂದೆ ಬರುತ್ತದೆ. ಆದರೆ ಮೂರು ದಿನದಿಂದ ನಾನೇ ಹಾಗೆ ಜಗ್ಗುತ್ತಿದ್ದೆನಲ್ಲ. ಕಣ್ಣ ಮುಂದೆ ಬರುತ್ತಿದ್ದ ಕೈ ಯಾರದು?

ಹರಿಯುವ ನೀರಿನಲ್ಲಿ ನೋಡೋಣವೆಂದು ಅರ್ಧ ನೀರು ತುಂಬಿದ ಕ್ಯಾನೊಂದನ್ನು ಹಿಡಿದು ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ. ಸ್ನಾನಘಟ್ಟದ ಮೆಟ್ಟಿಲಲ್ಲಿ ಕೂತು, ಕ್ಯಾನಿನ ಸುತ್ತ ಕುಣಿಕೆ ಹಾಕಿ ಕಾವೇರಿಗೆ ಬಿಟ್ಟೆ. ಪೂಜೆ ಸಾಮಾನಿನ ಅಂಗಡಿಯವನು ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದ.

‘ಅಸ್ಥಿ ಆದ್ರೆ ಇಲ್ಲಲ್ಲ ಸಾ. ಅತ್ಲಾಗ್ ಓಗಿ, ಅಲ್ಲಿ ಸೆಳವದೆ. ಯಾರು ಓಗಿದ್ದು?’

‘ಯಾರೂ ಇಲ್ಲಪ್ಪ. ಗಂಟು ಬಿಚ್ಚುತ್ತಾ ಅಂತ ನೋಡ್ತಾ ಇದೀನಿ.’

ಅವನು ಕ್ಯಾನನ್ನೂ ನನ್ನನ್ನೂ ನೋಡಿದ. ‘ಬಿಚ್ಚುದ್ರೆ ಕ್ಯಾನ್ ಓಯ್ತದೆ ಅಷ್ಟೇ’ ಎಂದು ಹಿಂದಕ್ಕೆ ಹೋದ.

ಒಮ್ಮೆ ಬಿಚ್ಚಿತು. ಕ್ಯಾನು ಹೋಯಿತು. ಹಗ್ಗ ಕೈಗೆ ಬಂದ ಬಗೆ ನನಗೆ ಗುರುತು ಸಿಕ್ಕಿತು ಎಂದುಕೊಂಡೆ: ಜಗ್ಗಲಿಲ್ಲ, ಸುಮ್ಮನೆ ಹಗುರವಾಯಿತು. ಅವತ್ತೂ ಹೀಗೇ ಆಗಿತ್ತು ಎನ್ನಿಸಿತು. ಆದರೆ ಅವತ್ತು ಪೊಲೀಸರಿಗೆ ನಾನು ‘ಮೊದಲು ಜಗ್ಗಿದ ಹಾಗಾಯಿತು, ಆಮೇಲೆ ಸಡಿಲವಾಯಿತು’ ಎಂದು ಹೇಳಿದ್ದೆನಂತೆ. ಅಕ್ಕ ಅದನ್ನು ನೆನಪಿಟ್ಟುಕೊಂಡಿದ್ದಾಳೆ. ನನಗೆ ಆ ಮಾತು ಆಡಿದ ನೆನಪೇ ಇಲ್ಲ. ಇನ್ನೂ ವಿಚಿತ್ರವೆಂದರೆ, ನಾನು ಅವತ್ತು ಬೆಳಿಗ್ಗೆ ನಾಗಮಂಗಲದಿಂದ ಬಸ್ಸಿಳಿದು ನೇರ ಹೊಳೆಗೆ ಹೋದೆ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅಕ್ಕ ಹೇಳುವುದು ಬೇರೆ. ನಾನು ಹಿಂದಿನ ಸಂಜೆಯೇ ಬಂದಿದ್ದೆ, ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದೆ, ಜಗಳವನ್ನೆಲ್ಲ ಕೇಳಿ ನಗುತ್ತಿದ್ದೆ. ಆ ರೊಟ್ಟಿಯೂ ಇಲ್ಲ, ನಗುವೂ ಇಲ್ಲ ನನ್ನೊಳಗೆ. ಇಷ್ಟು ದೊಡ್ಡ ಬೆಳಗನ್ನೇ ಕಳೆದುಕೊಂಡವನು ಹಗ್ಗ ಜಗ್ಗಿತೋ ಇಲ್ಲವೋ ಎಂದು ಹೇಗೆ ಹೇಳಲಿ?

ಹಬ್ಬದ ಎರಡು ದಿನ ಮೊದಲು ಹಗ್ಗವನ್ನು ಚೀಲದಲ್ಲಿ ಹಾಕಿಕೊಂಡು ಅಕ್ಕನ ಊರಿಗೆ ಹೋದೆ. ಅತ್ತೆ ಒಳಗೆ ಮಲಗಿದ್ದರು. ಹಿತ್ತಲಿನಲ್ಲಿ, ಕೊಟ್ಟಿಗೆಯ ಕಂಬಕ್ಕೆ ಗಂಟು ಕಟ್ಟಿ ಅಕ್ಕನಿಗೆ ತೋರಿಸಿದೆ. ಸಡಿಲ ಬಿಟ್ಟರೆ ಸರಿಯುತ್ತದೆ, ಕೂರಿಸಿದರೆ ನಿಲ್ಲುತ್ತದೆ ಎಂದೆ. ತಾನಾಗಿ ಬಿಚ್ಚಬಹುದು ಎಂದೆ.

‘ಬೌದು ಅನ್ನದ್ನ ತಕೊಂಡ್ ಏನ್ ಮಾಡ್ಲಿ ನಾನು?’ ಎಂದಳು. ಆಮೇಲೆ ಗಂಟನ್ನು ಹತ್ತಿರದಿಂದ ನೋಡಿದಳು. ‘ಬಾಲ ಯಾಕೆ ಇಂಗೆ ಬುಟ್ಟಿದೀಯ?’

‘ಹಾಗೇ ತಾನೆ? ಜೋತುಬಿದ್ದಿರುತ್ತಿತ್ತು.’

‘ಅಂಗಲ್ಲ ಕಣ್ಲಾ. ಅವ್ರು ಅದ್ನ ಉಡಿದಾರಕ್ಕೆ ಒಂದ್ ಸುತ್ತು ಸುತ್ಕತಿದ್ರು. ನೀರೊಳ್ಗೆ ಕಣ್ಣು ಕಾಣಲ್ವಂತೆ, ಬಾಲ ತಡ್ಕಾಡ್ಕಂಡ್ ಕೂರಕಾಯ್ತದಾ? ಉಡಿದಾರ ಮುಟ್ಟುದ್ರೆ ಬಾಲ ಸಿಕ್ತದೆ ಅಂತ.’

ನಾನು ಕೈಬಿಟ್ಟು ನಿಂತೆ. ಇಷ್ಟು ದಿನ ನಾನು ಪರೀಕ್ಷೆ ಮಾಡಿದ್ದು ಭಾವನ ಗಂಟನ್ನಲ್ಲ, ಅದರ ಬಗ್ಗೆ ನನಗಿದ್ದ ನೆನಪನ್ನು. ಬಾಲವನ್ನು ಮೈಗೇ ಕಟ್ಟಿದರೆ ಎಲ್ಲ ಬದಲಾಗುತ್ತದೆ. ಕುಣಿಕೆ ಸೊಂಟಕ್ಕೆ ಬಿಗಿಯುವುದಿಲ್ಲವಾದ್ದರಿಂದ ಅದು ಸೊಂಟದ ಸುತ್ತ ತಿರುಗಬಲ್ಲದು. ಸೆಳವಿಗೆ ಮೈ ತಿರುಗಿದರೆ ಗಂಟು ಬೆನ್ನ ಕಡೆಗೆ ಸರಿಯುತ್ತದೆ, ಉಡಿದಾರಕ್ಕೆ ಸುತ್ತಿದ ಬಾಲ ಮುಂದೆಯೇ ಉಳಿಯುತ್ತದೆ. ಆಗ ಬಾಲವನ್ನು ಎಳೆಯಲು ಕೈಯೇ ಬೇಕಿಲ್ಲ.

‘ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀನು?’

‘ನೀನ್ ಯಾವತ್ ಕೇಳ್ದೆ?’

ನಾನು ಉಡಿದಾರ ಕಟ್ಟುವುದನ್ನು ಕಾಲೇಜಿಗೆ ಸೇರಿದ ಮೇಲೆ ಬಿಟ್ಟವನು. ಅಕ್ಕ ದೇವರ ಗೂಡಿನಿಂದ ಕಪ್ಪು ದಾರ ತಂದು ಬನಿಯನ್ನಿನ ಕೆಳಗೆ ನನ್ನ ಸೊಂಟಕ್ಕೆ ಬಿಗಿದಳು. ಚಿಕ್ಕಂದಿನಲ್ಲಿ ನನಗೆ ಚಡ್ಡಿ ಹಾಕುತ್ತಿದ್ದವಳೂ ಅವಳೇ. ನಾನು ಹಗ್ಗ ಕಟ್ಟಿಕೊಂಡು, ಗಂಟನ್ನು ಚೆನ್ನಾಗಿ ಎಳೆದು ಕೂರಿಸಿ, ಬಾಲವನ್ನು ದಾರಕ್ಕೆ ಒಂದು ಸುತ್ತು ಸುತ್ತಿದೆ. ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟೆ.

ಎದುರಾಗಿ ನಿಂತು ಎಳೆಸಿದಾಗ ಬಿಡಲಿಲ್ಲ. ‘ಸಡಿಲ ಬಿಡು’ ಎಂದು, ನಿಂತಲ್ಲೇ ತಿರುಗಿ ಅವಳಿಗೆ ಬೆನ್ನು ಮಾಡಿದೆ. ‘ಈಗ ಎಳಿ.’ ಹೊಟ್ಟೆಯ ಮೇಲೆ ದಾರ ಒಮ್ಮೆ ಚುರುಕ್ಕೆಂದು ಕೊರೆಯಿತು. ಸೊಂಟ ಹಗುರವಾಯಿತು. ತಿರುಗಿ ನೋಡಿದರೆ ಅಕ್ಕ ಎರಡು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿ, ಖಾಲಿ ಹಗ್ಗವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಹಗ್ಗ ಖಾಲಿ ಬರುವುದನ್ನು ಅವಳು ಕಂಡಿದ್ದು ಅದೇ ಮೊದಲು.

‘ಇನ್ನೊಂದ್ಸಲ’ ಎಂದಳು.

ಮತ್ತೆ ಮಾಡಿದೆವು. ಬಿಚ್ಚಿತು. ಮತ್ತೊಮ್ಮೆ ಮಾಡಿದಾಗ ಗಂಟು ನಿಂತಿತು, ಬಾಲವೇ ದಾರದಿಂದ ಜಾರಿ ಹೊರಬಂತು. ಅದನ್ನು ಅವಳು ನೋಡಲಿಲ್ಲ, ಅಥವಾ ನೋಡಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದಿದ್ದ ಒಂದು ಹುರುಪಿತ್ತು.

‘ಅವ್ರು ಎಳ್ಕಂಡಿಲ್ಲ ಕಣ್ಲಾ. ನಡಿ ಒಳಿಕೆ. ಏಳು ಆ ಯಮ್ಮುಂಗೆ.’

ಅತ್ತೆ ಎದ್ದು ಕೂತಿದ್ದರು. ಕಿವಿ ಇನ್ನೂ ಚುರುಕು. ನಾನು ಎಲ್ಲವನ್ನೂ ಹೇಳಿದೆ. ಗಂಟು ಹೇಗಿತ್ತು, ಬಾಲ ಎಲ್ಲಿತ್ತು, ಮೈ ತಿರುಗಿದರೆ ಏನಾಗುತ್ತದೆ. ಅವರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕಡೆಗೆ ಒತ್ತಿಕೊಂಡು ಕೇಳಿದರು.

‘ಉಡಿದಾರ ಎಲ್ಲಿತ್ತು ಅವ್ನಿಗೆ?’ ಎಂದರು.

‘ಇರ್ದೆ?’ ಎಂದಳು ಅಕ್ಕ.

‘ಇರ್ಲಿಲ್ಲ. ಕಿತ್ತೋಗಿತ್ತು. ಕಟ್ಕಳಾ ಕಟ್ಕಳಾ ಅಂತ ಬಡ್ಕಂಡೆ, ನಾಳೆ ನಾಡಿದ್ದು ಅಂತಿದ್ದ. ಎಣ ತಂದು ಮಲಗಿಸ್ದಾಗ್ಲೂ ಇರ್ಲಿಲ್ಲ. ಈ ಕೈಲಿ ಮೈ ತೊಳ್ದಿವ್ನಿ ನಾನು.’

‘ಬಾಲ ಎಳ್ದೇಟ್ಗೆ ಕಿತ್ತೋಗಿರ್ತದೆ ಅತ್ತೆ. ಒಳೇಲಿ ಓಗಿರ್ತದೆ.’

‘ಮೊದ್ಲೇ ಇರ್ಲಿಲ್ಲ ಅಂತಿವ್ನಿ.’

‘ನಾನ್ ಎಡ್ತಿ. ನಂಗೊತ್ತಿಲ್ವಾ?’

‘ನಾನ್ ಎತ್ತೋಳು ಕಣೇ. ನಂಗೊತ್ತಿಲ್ವಾ?’

ಒಬ್ಬ ಮನುಷ್ಯ ಬದುಕಿನುದ್ದಕ್ಕೂ ಮೈಮೇಲೆ ಕಟ್ಟಿಕೊಳ್ಳುವ ಒಂದೇ ಒಂದು ದಾರ. ಅದು ಇತ್ತೋ ಇಲ್ಲವೋ ಎಂದು ಅವನಿಗೆ ಅತ್ಯಂತ ಹತ್ತಿರವಾಗಿದ್ದ ಇಬ್ಬರು ಒಪ್ಪಲಾರದೆ ಕೂತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು. ಅತ್ತೆಗೂ ಮಗನನ್ನು ಸಾಲಿಗೆ ಸೇರಿಸಿಕೊಳ್ಳುವ ಆಸೆ ಇದ್ದಿರಬೇಕು. ಹಾಗೆ ಸೇರಿಸಿಕೊಂಡರೆ ಇಷ್ಟು ವರ್ಷ ಸೊಸೆಯ ಮೇಲಿಟ್ಟಿದ್ದ ಸಿಟ್ಟನ್ನು ಎಲ್ಲಿ ಇಳಿಸುವುದು?

ಅತ್ತೆ ನನ್ನ ಕಡೆ ತಿರುಗಿದರು. ‘ಓದ್ದೋರು ನೀವು. ಅವ್ನು ಬಟ್ಟೆ ಬಿಚ್ಚಿ ನಿಂತಾಗ ಎದುರ್ಗಿದ್ದೋರು ನೀವೇ ತಾನೆ? ಇತ್ತಾ, ಇರ್ಲಿಲ್ವಾ? ಇತ್ತು ಅನ್ನಿ, ನಾಡಿದ್ದು ಪಂಚೆ ಇಡ್ತೀನಿ.’

ನಾನು ನೆನಪು ಮಾಡಿಕೊಂಡೆ. ಕೆಂಪು ನೀರು. ಭಾವನ ಬೆನ್ನು. ಸೊಂಟದಲ್ಲಿ ಕಪ್ಪು ದಾರ, ಅದರ ಗಂಟಿನಲ್ಲಿ ಒಂದು ಸಣ್ಣ ತಾಯತ. ಎಷ್ಟು ಸ್ಪಷ್ಟವಾಗಿತ್ತೆಂದರೆ ತಾಯತದ ಹಿತ್ತಾಳೆಯ ಬಣ್ಣವೂ ಕಂಡಿತು. ಆದರೆ ಆ ದಾರ ಒಂದು ಗಂಟೆಯ ಹಿಂದೆ ಅಕ್ಕ ನನಗೆ ಕಟ್ಟಿದ ದಾರದ ಹಾಗೇ ಇತ್ತು. ಹಿಂದಿನ ದಿನದವರೆಗೂ ನನ್ನ ಚಿತ್ರದಲ್ಲಿ ದಾರವೇ ಇರಲಿಲ್ಲ. ಹಿಂದೆ ಇಲ್ಲದ್ದು ಈಗ ಕಾಣುತ್ತಿದೆಯೋ, ಇದ್ದದ್ದನ್ನೇ ಈಗ ಗಮನಿಸುತ್ತಿದ್ದೇನೋ, ಬೇರ್ಪಡಿಸಿ ನೋಡಲು ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ.

ಅಕ್ಕ ನನ್ನನ್ನೇ ನೋಡುತ್ತಿದ್ದಳು.

‘ಇತ್ತು ಅನ್ನಿಸುತ್ತೆ’ ಎಂದೆ. ‘ಆದರೆ ಅಕ್ಕ ಹೇಳಿದ ಮೇಲೆ ಹಾಗೆ ಅನ್ನಿಸ್ತಾ ಇದೆಯೋ ಏನೋ. ಖಂಡಿತವಾಗಿ ಹೇಳೋಕೆ ನಂಗೆ ಆಗಲ್ಲ.’

ಅತ್ತೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ‘ನೋಡವ್ವ’ ಎಂದರು ಅಕ್ಕನಿಗೆ, ಮೆಲ್ಲಗೆ, ‘ನಿನ್ ತಮ್ಮಂಗೂ ಕಂಡಿಲ್ಲ.’ ಎಂದವರೇ ಗೋಡೆಯ ಕಡೆ ಹೊರಳಿ ಮಲಗಿದರು.

ಹಬ್ಬದವರೆಗೂ ಅಲ್ಲೇ ಉಳಿದೆ. ಹೊರಡುವುದಕ್ಕೆ ಧೈರ್ಯ ಸಾಲಲಿಲ್ಲ. ಆ ಎರಡು ದಿನ ಅಕ್ಕ ನನ್ನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದಳು. ಎಡೆಯ ಅಡುಗೆಯೆಲ್ಲ ಎಂದಿನಂತೆ ಅವಳದೇ. ಕಜ್ಜಾಯ, ವಡೆ, ಬಾಡಿನ ಸಾರು. ಭಾವನಿಗೆ ಇಷ್ಟವೆಂದು ಹಿಂದೆ ಮಾಡುತ್ತಿದ್ದ ಹುರುಳಿಕಾಳಿನ ಗೊಜ್ಜನ್ನೂ ಮಾಡಿದಳು. ಅಕ್ಕನ ಮಾವನ ಪಂಚೆ, ಅವರ ತಮ್ಮನ ಪಂಚೆ, ಯಾರೋ ಹಳೆಯ ಅಜ್ಜಿಯ ಹೆಸರಿನ ಸೀರೆ ಸಾಲಾಗಿ ಇದ್ದವು. ಅತ್ತೆ ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚಿದರು. ಗೊಜ್ಜನ್ನು ಮಾವನ ಎಲೆಗೆ ಬಡಿಸಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದಳು. ಅವಳಿಗೆ ಕೈ ಮುಗಿಯಲು ಆ ಸಾಲಿನಲ್ಲಿ ಯಾರೂ ಇರಲಿಲ್ಲ.

ನೆಂಟರು ಉಂಡು ಹೋದ ಮೇಲೆ ನನಗೆ ಬಡಿಸಿದಳು. ಎದುರಿಗೆ ಕೂತಳು.

‘ಇತ್ತು ಅಂದಿದ್ರೆ ನೀನ್ ಏನ್ ಕಳ್ಕತಿದ್ದೆ?’

‘ಸುಳ್ಳು ಹೇಳಬೇಕಾಗಿತ್ತಾ ಅಕ್ಕ?’

‘ಸುಳ್ಳು ಅಂತ ನಿಂಗೆ ಗೊತ್ತಾ?’

ಗೊತ್ತಿರಲಿಲ್ಲ. ನಿಜವೆಂದು ಗೊತ್ತಿಲ್ಲದ್ದನ್ನು ಹೇಳಬಾರದು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಸುಳ್ಳೆಂದು ಗೊತ್ತಿಲ್ಲದ್ದನ್ನು ಹೇಳದೆ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅಕ್ಕ ಎದ್ದು, ಮಾವನ ಎಡೆಯಲ್ಲಿ ಉಳಿದಿದ್ದ ಗೊಜ್ಜನ್ನು ತಂದು ನನ್ನ ಎಲೆಗೆ ಹಾಕಿ, ‘ತಿನ್ನು, ಕೆಟ್ಟೋಯ್ತದೆ’ ಎಂದು ಪಾತ್ರೆ ತೊಳೆಯಲು ಹೋದಳು.